ಈರಣ್ಣ ಆರಿಸಿಕೊಟ್ಟ ಚಿತ್ರ

ಎದುರುಮನೆಯಲ್ಲಿ ಮದುವೆ. ಹೋದ ವಾರ ಒಂದು ಬೆಳಿಗ್ಗೆ ಅಂಗಳಕ್ಕೆ ಶಾಮಿಯಾನ ತಂದು ಇಳಿಸಿದರು. ತಿಂಗಳುಗಟ್ಟಲೆ ಗೋದಾಮಿನಲ್ಲಿ ಮಡಿಸಿಟ್ಟಿದ್ದ ಬಟ್ಟೆ. ಬಿಚ್ಚಿ ಬಿಸಿಲಿಗೆ ಹರವಿದ ಕೂಡಲೇ ಅದರ ಮುಗ್ಗಿದ ವಾಸನೆ ರಸ್ತೆ ದಾಟಿ ನನ್ನ ಜಗುಲಿಗೆ ಬಂತು. ನಾನು ಪತ್ರಿಕೆ ಓದುತ್ತ ಕೂತಿದ್ದೆ. ಓದುತ್ತಿದ್ದ ಸಾಲು ಎಲ್ಲಿಗೋ ಹೋಯಿತು. ಆ ವಾಸನೆಗೆ ಒಂದಿಷ್ಟು ಬೀಡಿ ಹೊಗೆ, ಒಂದಿಷ್ಟು ಸೀಮೆಎಣ್ಣೆ, ನೆಲಕ್ಕೆ ಆಗತಾನೇ ಚಿಮುಕಿಸಿದ ನೀರಿನ ತಂಪು ಸೇರಿಸಿದರೆ ಮದ್ರಾಸ್ ಸರ್ಕಾರದ ಕಾಲದ ನಮ್ಮ ಹೊಸಪೇಟೆಯ ಬಯಸ್ಕೋಪ್ ಟೆಂಟು ತಯಾರು. ಹಿಂದಿನದೆಲ್ಲ ಸಿಹಿಯಾಗಿರುತ್ತದೆ ಅನ್ನುತ್ತಾರೆ. ನನಗೆ ಆ ವಾಸನೆಗೆ ಬಾಯಿ ಕಹಿಯಾಯಿತು. ಎದ್ದು ಹೋಗಿ ನೀರು ಕುಡಿದು ಬಂದೆ.

ನನ್ನನ್ನು ಬಲ್ಲವರಿಗೆ ನಾನು ಸಿನಿಮಾ ಮೇಷ್ಟ್ರು. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ್ದು ಬೇರೆ ಏನೇನೋ; ಆದರೆ ಹುಡುಗರು ನನ್ನ ಮನೆ ಹುಡುಕಿಕೊಂಡು ಬರುತ್ತಿದ್ದದ್ದು ಒಂದೇ ಪ್ರಶ್ನೆಗೆ: "ಸರ್, ಪ್ರಬಂಧ ಬರೀಬೇಕು, ಯಾವ ಚಿತ್ರ ಆರಿಸ್ಕೊಳ್ಳೋಣ?" ಬಗೆದಷ್ಟೂ ಸಿಗುವ ಚಿತ್ರ ಯಾವುದು, ಮೂರು ಪುಟಕ್ಕೇ ಬತ್ತಿಹೋಗುವ ಚಿತ್ರ ಯಾವುದು ಎಂದು ಮೊದಲೇ ಹೇಳಿಬಿಡುವ ಜಾಣ್ಮೆ ನನಗಿದೆ ಎಂಬ ಹೆಸರು ಹೇಗೋ ಹಬ್ಬಿತ್ತು. ನಾನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು (ಈ ನಾಟಕವಿಲ್ಲದೆ ಮೇಷ್ಟರಿಗೆ ಬೆಲೆಯಿಲ್ಲ) ಹೇಳುತ್ತಿದ್ದೆ: "ಅಳಿಸಿದ ಚಿತ್ರ ಬಿಡು, ನಗಿಸಿದ ಚಿತ್ರ ಬಿಡು. ಮನೆಗೆ ಹೋಗಿ ಊಟಕ್ಕೆ ಕೂತಾಗ ಯಾವುದು ನೆನಪಾಗಿ ತುತ್ತು ಕೈಯಲ್ಲೇ ನಿಲ್ಲುತ್ತದೋ ಅದನ್ನು ಹಿಡಿ." ಹುಡುಗರು ಬರೆದುಕೊಳ್ಳುತ್ತಿದ್ದರು. ಒಬ್ಬ ಶಿಷ್ಯ ತನ್ನ ಪುಸ್ತಕದ ಮುನ್ನುಡಿಯಲ್ಲಿ ಈ ಮಾತನ್ನು ನನ್ನ ಹೆಸರು ಹಾಕಿ ಅಚ್ಚುಮಾಡಿಸಿದ. ನಾನು ಸುಮ್ಮನಿದ್ದೆ.

ಆ ಮಾತು ನನ್ನದಲ್ಲ, ಈರಣ್ಣನದು.

ಈರಣ್ಣ ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಆದರೂ 'ಅವನು' ಎಂದೇ ಬರೆಯುತ್ತಿದ್ದೇನೆ ನೋಡಿ. ನಮ್ಮದು ಅಕ್ಕಿಗಿರಣಿಯ ಮನೆತನ. ಅವನ ಹೆಂಡತಿ ನಾಗವ್ವ ನಮ್ಮ ಮನೆಗೆ ಅಕ್ಕಿ ಹಸನು ಮಾಡಲು ಬರುತ್ತಿದ್ದಳು. ನಮ್ಮಲ್ಲಿ ಎಲ್ಲರೂ ಅವನನ್ನು ಹಾಗೇ ಕರೆದರು. ಎಪ್ಪತ್ತು ದಾಟಿದರೂ ನನ್ನ ನಾಲಿಗೆ ತಿದ್ದಿಕೊಂಡಿಲ್ಲ.

ಅವನ ಹುಟ್ಟೂರು ಮಲಪನಗುಡಿ, ಇದ್ದದ್ದು ಹೊಸಪೇಟೆಯ ಅಂಚಿನ ಚಿತ್ತವಾಡ್ಗಿಯ ಒಂದು ಸಣ್ಣ ಮನೆಯಲ್ಲಿ. ಹರೆಯದಲ್ಲಿ ದೊಡ್ಡಾಟದ ಮೇಳದಲ್ಲಿ ಹೆಣ್ಣು ಪಾತ್ರ ಮಾಡಿದ್ದನಂತೆ. ಮೀಸೆ ದಪ್ಪಗಾದ ಮೇಲೆ ಆ ಪಾತ್ರ ತಪ್ಪಿತು, ಮೇಳವೂ ಒಡೆಯಿತು. ಆಗ ಊರಿಗೆ ಬಯಸ್ಕೋಪ್ ಬಂದಿತ್ತು. ಮಾತಿಲ್ಲದ ಚಿತ್ರಗಳ ಕಾಲ ಅದು. ಪರದೆಯ ಮೇಲೆ ಜನ ಬಾಯಿ ಅಲ್ಲಾಡಿಸುವರು. ಆಮೇಲೆ ಕರಿ ಹಲಗೆಯೊಂದರ ಮೇಲೆ ಅವರು ಆಡಿದ ಮಾತು ಬಿಳಿ ಅಕ್ಷರದಲ್ಲಿ ಮೂಡುವುದು, ಮೇಲೆ ಇಂಗ್ಲಿಷು, ಕೆಳಗೆ ಹಿಂದಿಯೋ ಗುಜರಾತಿಯೋ. ನೆಲದ ಮೇಲೆ ಕೂತ ನಮ್ಮ ಜನಕ್ಕೆ ಎರಡೂ ಒಂದೇ. ಅದಕ್ಕೇ ಪರದೆಯ ಪಕ್ಕದಲ್ಲಿ ಬೆತ್ತ ಹಿಡಿದು ನಿಂತು ಕಥೆ ಹೇಳುವ ಒಬ್ಬ ಮನುಷ್ಯ ಬೇಕಿತ್ತು. ಈರಣ್ಣ ಆ ಮನುಷ್ಯ. ಟೆಂಟಿನ ಮಾಲೀಕ ಗುಂತಕಲ್ ಕಡೆಯ ನಾಯ್ಡು. ಹೊಸಪೇಟೆಯಲ್ಲಿ ಒಂದಿಷ್ಟು ದಿನ, ಕಂಪ್ಲಿಯಲ್ಲಿ ಒಂದಿಷ್ಟು ದಿನ, ಆಮೇಲೆ ಗುಡ್ಡ ದಾಟಿ ಸಂಡೂರು ಸಂಸ್ಥಾನಕ್ಕೆ. ಎಲ್ಲಿಗೆ ಹೋದರೂ ಟೆಂಟಿನ ಜೊತೆ ಈರಣ್ಣ ಹೋಗಬೇಕು. ಜನ ಚಿತ್ರದ ಹೆಸರು ಕೇಳುತ್ತಿರಲಿಲ್ಲ, "ಈರಣ್ಣ ಅದಾನಿಲ್ಲೋ?" ಎಂದು ಕೇಳಿ ಒಳಗೆ ಬರುತ್ತಿದ್ದರು. ಹೆಣ್ಣು ಅತ್ತರೆ ಅವನ ಗಂಟಲಲ್ಲಿ ಹೆಣ್ಣು ಅಳುತ್ತಿತ್ತು. ಕುದುರೆ ಓಡಿದರೆ ಬೆತ್ತದಿಂದ ಡಬ್ಬದ ಮೇಲೆ ಬಡಿದು ಓಡಿಸುತ್ತಿದ್ದ. ಮುದುಕ ಸತ್ತರೆ ಈರಣ್ಣ ಎಷ್ಟು ಹೊತ್ತು ಸುಮ್ಮನಾಗುತ್ತಿದ್ದನೆಂದರೆ, ಹಾರ್ಮೋನಿಯಂ ನುಡಿಸುವವನೂ ಕೈ ತೆಗೆಯುತ್ತಿದ್ದ.

ನಾನಾಗ ಅನಂತಪುರದಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ಬೈತಲೆ ತೆಗೆದು ಕ್ರಾಪು ಬಾಚುವುದನ್ನೂ, ಕನ್ನಡದ ಮಧ್ಯೆ ಇಂಗ್ಲಿಷ್ ಸಿಕ್ಕಿಸುವುದನ್ನೂ ಕಲಿತಿದ್ದೆ. ಬೇರೆ ವಿದ್ಯೆ ಅಷ್ಟಕ್ಕಷ್ಟೆ. ಬೇಸಿಗೆ ರಜೆಗೆ ಊರಿಗೆ ಬಂದಾಗ ಬಳ್ಳಾರಿಯ ಒಂದು ವಾರಪತ್ರಿಕೆ ವಿದ್ಯಾರ್ಥಿಗಳಿಗೆ ಸ್ಪರ್ಧೆ ಇಟ್ಟಿತ್ತು: ನೋಡಿದ ಒಂದು ಚಿತ್ರ ಆರಿಸಿಕೊಂಡು ಅದರ ಒಳಹೊರಗನ್ನು ಬಿಡಿಸಿ ಬರೆಯಬೇಕು. ನಾನು ಈರಣ್ಣನ ಹತ್ತಿರ ಹೋದೆ. ಅವನು ಟೆಂಟಿನ ಹಗ್ಗ ಬಿಗಿಯುತ್ತಿದ್ದ.

"ಬರಿಯಾಕ ಚಿತ್ರ ಬೇಕಾ? ಲೇ ತಮ್ಮಾ, ಅದು ಹೆಣ್ಣು ನೋಡಿದಂಗಲ್ಲ, ಮಕ ಚಲೋ ಐತಂತ ಹೂಂ ಅನ್ನಾಕ. ನಾಲ್ಕು ದಿನ ನನ್ನ ಜೋಡಿ ಕುಂದ್ರು," ಎಂದ.

ಹೊಸ ಚಿತ್ರದ ಸುರುಳಿ ರೈಲಿನಲ್ಲಿ ಬಂದ ಕೂಡಲೇ ನಾಯ್ಡು ಅದನ್ನು ಒಮ್ಮೆ ಓಡಿಸಿ ಪರೀಕ್ಷೆ ಮಾಡುತ್ತಿದ್ದ. ಆಗ ಖಾಲಿ ಟೆಂಟಿನಲ್ಲಿ ಈರಣ್ಣ ಒಬ್ಬನೇ ಕೂತು ನೋಡುವನು. ಆ ಬೇಸಿಗೆ ನಾನೂ ಪಕ್ಕದಲ್ಲಿ ಕೂತೆ. ಮೊದಲು ನೋಡಿದ್ದು ಬರೀ ಕುದುರೆ, ಕತ್ತಿ, ಓಟ. ನನಗೆ ಮೈ ಜುಮ್ಮೆಂದಿತ್ತು. ಈರಣ್ಣ ತಲೆ ಅಲ್ಲಾಡಿಸಿದ. "ಓಡೋ ಕುದುರಿ ಬಗ್ಗೆ ಏನ್ ಬರೀತಿ? ಓಡ್ತು ಅಂತ ಬರೀತಿ. ನಿಂತ ಕುದುರಿ ಇದ್ರ ಹೇಳು, ಯಾಕ ನಿಂತೈತಿ ಅಂತ ಕೇಳಬಹುದು." ಎರಡನೆಯದು ದೇವರ ಚಿತ್ರ. "ಇದಕ್ಕ ಕೈ ಮುಗದು ಎದ್ದು ಬರಬೇಕು, ಮಾತಾಡಾಕ ಬರಂಗಿಲ್ಲ." ಮೂರನೆಯದಕ್ಕೆ ನಾನು ಅತ್ತೇಬಿಟ್ಟೆ. ಅವನು ಹೆಗಲ ಮೇಲಿನ ವಸ್ತ್ರ ನನಗೆ ಕೊಟ್ಟು ಹೇಳಿದ: "ಅತ್ತಿ, ಮುಗೀತು. ಅಳು ಹೊರಗ ಬಂತು, ಒಳಗೇನುಳೀತು?" ಊಟ, ತುತ್ತು, ಕೈಯ ಮಾತು ಹೇಳಿದ್ದು ಆಗಲೇ.

ನಾಲ್ಕನೆಯ ಚಿತ್ರ ನೋಡಿ ನಾನು ಆಕಳಿಸಿದೆ. ಏನೂ ನಡೆಯದ ಚಿತ್ರ. ಹಳ್ಳಿಯ ಮನೆ, ಒಬ್ಬಳು ಹೆಂಗಸು. ಬಹಳ ದಿನದ ಮೇಲೆ ಒಬ್ಬ ಗಂಡಸು ಬಂದು ಬಾಗಿಲು ಬಡಿಯುತ್ತಾನೆ. ಅವಳು ಕೂಡಲೇ ತೆರೆಯುವುದಿಲ್ಲ. ತೆರೆದ ಮೇಲೆ ಒಂದು ಚೆಂಬು ನೀರು ತಂದು ಕೊಡುತ್ತಾಳೆ. ಅವನು ಕಾಲು ತೊಳೆಯುವಾಗ ಅವಳು ಮುಖ ನೋಡುವುದಿಲ್ಲ, ಅವನ ಪಾದ ನೋಡುತ್ತಾಳೆ. ಈರಣ್ಣ ಎದ್ದು ನಿಂತಿದ್ದ.

"ಇದನ್ನ ಬರಿ," ಅಂದ. "ಮಕ ಯಾಕ ನೋಡಲಿಲ್ಲ ಅಕಿ? ಗಂಡ ಹನ್ನೆರಡು ವರ್ಷ ಆದಮ್ಯಾಲ ಬಂದಾನ. ಮಕ ಮರತೈತಿ. ಆದ್ರ ಅವನ ಕಾಲು ಮೊದಲ ದಿನ ತೊಳದಾಕಿ ಅಕಿನ. ಮಕ ಸುಳ್ಳು ಹೇಳತೈತಿ, ಕಾಲು ಹೇಳಂಗಿಲ್ಲ. ಅಗಳಿ ತಗ್ಯಾಕ ತಡ ಮಾಡಿದ್ದು ಸಿಟ್ಟಿಗಲ್ಲ ಮತ್ತ. ತಗದ್ರ ಕಾಯೋದು ಮುಗದು ಹೋಗತೈತಲ್ಲ, ಅದಕ್ಕ."

ಮರುದಿನ ಆಟದಲ್ಲಿ ಅವನು ಇದನ್ನೇ ಹೇಳಿದ. ಹೆಂಗಸರ ಕಡೆಯ ಪರದೆಯ ಹಿಂದೆ ಒಬ್ಬರೂ ಉಸಿರೆತ್ತಲಿಲ್ಲ. ಆದರೆ ನಾನು ಆ ದಿನ ಕರಿ ಹಲಗೆಯ ಇಂಗ್ಲಿಷನ್ನೂ ಓದುತ್ತ ಕೂತಿದ್ದೆ. ಬಂದವನು ಗಂಡನಲ್ಲ, ಅಣ್ಣ! ತಂದೆಗೆ ಕಾಯಿಲೆಯೆಂದು ಹೇಳಲು ಬಂದವನು. ಅಷ್ಟೇ ಇತ್ತು ಅದರಲ್ಲಿ.

ಎರಡು ದಿನ ಕಳೆದು ನಾವಿಬ್ಬರೂ ಹಂಪಿಗೆ ನಡೆದೆವು. ಹುಡುಗನಾಗಿದ್ದಾಗ ಆ ಕಡೆ ಎಮ್ಮೆ ಕಾಯುತ್ತಿದ್ದನಂತೆ. ನನಗೆ ಏನೋ ತೋರಿಸಬೇಕು ಅಂದಿದ್ದ. ಹಜಾರರಾಮನ ಗುಡಿಯ ಗೋಡೆಯ ಮುಂದೆ ನಿಲ್ಲಿಸಿದ. ಸಾಲುಸಾಲು ಕೆತ್ತಿದ ಕಥೆ. ಬಿಸಿಲಿಗೆ ಕಲ್ಲು ಕಾದಿತ್ತು. ನಾನು ಅಲ್ಲಿ ಕೇಳಿಬಿಟ್ಟೆ: "ಈರಣ್ಣ, ಅವನು ಗಂಡ ಅಲ್ಲ, ಅಣ್ಣ. ಹಲಗೆ ಮೇಲೆ ಬರೆದಿತ್ತಲ್ಲ, ನೀನು ಯಾಕೆ ಹಾಗೆ ಹೇಳಿದಿ?"

ಅವನು ಗೋಡೆಯ ಒಂದು ಕೆತ್ತನೆಯ ಮೇಲೆ ಬೆರಳಾಡಿಸಿದ. ಆಮೇಲೆ ನನ್ನ ಕಡೆ ತಿರುಗಿ, "ನನಗ ಅಕ್ಷರ ಬರಂಗಿಲ್ಲಪಾ ತಮ್ಮಾ," ಅಂದ. "ಇಂಗ್ರೇಜಿ ಅಲ್ಲ, ಕನ್ನಡಾನೂ ಬರಂಗಿಲ್ಲ. ಕೆಲಸ ಕೇಳಾಕ ಹೋದಾಗ ನಾಯ್ಡುಗ ಬರತೈತಿ ಅಂತ ಹೇಳಿದೆ. ಹೊಟ್ಟಿ ಹೇಳಿಸ್ತು. ಇಲ್ಲಿ ಗ್ವಾಡಿ ನೋಡಿ ಕಲತೆ ನಾನು. ಇಲ್ಲಿ ಯಾವ ಹಲಗಿ ಐತಿ? ಆದ್ರೂ ಯಾರು ಅಳತಾರ, ಯಾರು ಅಳೂರಂಗ ಮಾಡತಾರ, ಗೊತ್ತಾಗಂಗಿಲ್ಲೇನು? ನಾ ಮಕ ಓದತೀನಿ, ಅಷ್ಟ." ನನ್ನ ಮೊಣಕೈ ಹಿಡಿದ. "ಯಾರ ಮುಂದೂ ಹೇಳಬ್ಯಾಡ ಮತ್ತ. ಒಂದು ಬಾಯಿಂದ ಹೊರಗ ಬಿದ್ರ ನನ್ನ ಅನ್ನ ಹೋಗತೈತಿ."

"ಛೇ, ಹೇಳ್ತೀನಾ?" ಅಂದೆ. ಹಾಗೆ ಅನ್ನುವಾಗ ಸುಳ್ಳು ಹೇಳುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ. ನಂಬುತ್ತೀರಾ? ನಂಬದಿದ್ದರೂ ನಡೆಯುತ್ತದೆ.

ಪ್ರಬಂಧ ಬರೆದೆ. ಬಾಗಿಲ ಅಗಳಿ, ಚೆಂಬು, ಪಾದ, ನೋಡದ ಮುಖ ಎಲ್ಲವೂ ಅದರಲ್ಲಿ ಬಂತು. ಎಲ್ಲವೂ ನಾನು ಕಂಡದ್ದೆಂದೇ ಬಂತು. ಗಂಡನ ಜಾಗದಲ್ಲಿ ಅಣ್ಣನನ್ನು ಕೂರಿಸಿ, ತಂದೆಯ ಹಾಸಿಗೆಯ ಪಕ್ಕದಿಂದ ನಡೆದು ಬಂದ ಪಾದಗಳು ಎಂದು ಹೊಂದಿಸಿಕೊಂಡೆ. ಬರೆದು ಮುಗಿಸಿ ಓದಿದರೆ ಏನೋ ಸಪ್ಪೆ. ನಗು ಬೇಕಿತ್ತು. ಆಗ ಒಂದು ಪ್ಯಾರಾ ಸೇರಿಸಿದೆ: ನಮ್ಮೂರ ಬಯಸ್ಕೋಪಿನಲ್ಲಿ ಕಥೆ ಹೇಳುವ ಒಬ್ಬ ಮಹಾಶಯನಿಗೆ ಅ ಆ ಸಹ ಬಾರದೆಂದೂ, ಅವನ ಕೃಪೆಯಿಂದ ನಮ್ಮೂರಲ್ಲಿ ಒಂದು ವಾರ ಅಣ್ಣ ತಂಗಿಯರು ಗಂಡ ಹೆಂಡಿರಾಗಿ ಸಂಸಾರ ಮಾಡಿದರೂ ಯಾರಿಗೂ ಪಾಪ ತಟ್ಟಲಿಲ್ಲವೆಂದೂ ಬರೆದೆ. ಹೆಸರು ಹಾಕಲಿಲ್ಲ. ಹೆಸರು ಹಾಕದಿದ್ದರೆ ಹೇಳಿದಂತಾಗುವುದಿಲ್ಲ ಎಂದುಕೊಂಡೆ. ಹತ್ತೊಂಬತ್ತರ ವಯಸ್ಸಿಗೆ ಮನುಷ್ಯ ತನ್ನ ಜೊತೆ ಎಂಥ ವಕೀಲಿ ಮಾಡಿಕೊಳ್ಳುತ್ತಾನೆ ನೋಡಿ.

ಮೊದಲ ಬಹುಮಾನ ಬಂತು. ಅಚ್ಚಾದ ಪತ್ರಿಕೆ ಊರಿಗೆ ಬಂದ ದಿನ ವಾಚನಾಲಯದಲ್ಲಿ ರೈಲ್ವೆ ಗುಮಾಸ್ತನೊಬ್ಬ ಆ ಪ್ಯಾರಾವನ್ನು ಗಟ್ಟಿಯಾಗಿ ಓದಿದ. ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ಅಲ್ಲೇ ಇದ್ದೆ, ಬೆನ್ನು ತಟ್ಟಿಸಿಕೊಂಡೆ.

ಅದೇ ವಾರ ನಾಯ್ಡು ಆ ಚಿತ್ರವನ್ನು ಮತ್ತೆ ಹಾಕಿದ. ಮುಸ್ಸಂಜೆಯ ಮೊದಲ ಆಟ. ನಾನು ಬಹುಮಾನದ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಕುರ್ಚಿಯ ಸಾಲಿನಲ್ಲಿ ಕೂತೆ. ಪರದೆಯ ಮೇಲೆ ಆ ಗಂಡಸು ಬಾಗಿಲು ಬಡಿದ. ಈರಣ್ಣ ಶುರು ಮಾಡಿದ: "ಹನ್ನೆರಡು ವರ್ಷ ಆತು, ಗಂಡ..."

"ಲೇ ಈರಣ್ಣ, ಗಂಡ ಅಲ್ಲಲೇ, ಅಣ್ಣ!" ಬೆಂಚಿನಿಂದ ಗುಮಾಸ್ತ ಕೂಗಿದ. "ಹಲಗಿ ಓದು, ಹಲಗಿ!"

ನಗು ಎದ್ದಿತು. ಈರಣ್ಣ ತಡೆದು, ಮತ್ತೆ ಶುರು ಮಾಡಿದ. ಈ ಸಲ ನಾಲ್ಕು ಕಡೆಯಿಂದ ಕೂಗಿದರು. "ಓದಲೇ!" "ಅ ಆ ಹೇಳು ನೋಡೂಣು!" ನೆಲದ ಜನಕ್ಕೆ ಏನೆಂದು ತಿಳಿಯದೆ ಅವರೂ ನಕ್ಕರು. ನಾಯ್ಡು ಯಂತ್ರ ನಿಲ್ಲಿಸಿ ದೀಪ ಹಚ್ಚಿಸಿದ. "ಏಮಯ್ಯಾ ಈರಣ್ಣ, ಇಷ್ಟ್ ವರ್ಷ ನಂಗೇ ಸುಳ್ಳು ಹೇಳಿದ್ಯಾ?" ಎಂದ. ಈರಣ್ಣ ಸಿಟ್ಟಿಲ್ಲದ ಮುಖದಿಂದ ಕುರ್ಚಿಗಳ ಸಾಲನ್ನು ನೋಡಿದ, ಒಬ್ಬೊಬ್ಬರನ್ನಾಗಿ, ನನ್ನ ಹತ್ತಿರ ಬರುವವರೆಗೆ. ಮುಖ ಓದುವವನಲ್ಲವೇ ಅವನು? ಓದಿದ.

ಆಮೇಲೆ ಆದದ್ದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ನಾಯ್ಡು ನನ್ನನ್ನು ಗುರುತಿಸಿ, "ಬಾಬು, ನೀವು ಓದಿದೋರು. ಇವತ್ತೊಂದಿನ ಬನ್ನಿ, ಆಟ ಮುಗಿಸಿಕೊಡಿ," ಎಂದ. ಒಲ್ಲೆ ಅನ್ನಬಹುದಿತ್ತು, ತಲೆನೋವು ಅನ್ನಬಹುದಿತ್ತು. ನಾನು ಎದ್ದು ಹೋದೆ. ಈರಣ್ಣ ಬೆತ್ತವನ್ನು ನನ್ನ ಕೈಗೆ ಕೊಟ್ಟು, ಹೋಗಿ ನೆಲದ ಜನರ ನಡುವೆ ಕಾಲು ಮಡಿಸಿ ಕೂತ.

ಪ್ರತಿ ಹಲಗೆಯನ್ನೂ ಓದಿ ಕನ್ನಡ ಮಾಡಿದೆ. "ಅಣ್ಣನು ಬಂದನು. ತಂದೆಗೆ ಕಾಯಿಲೆ ಎಂದನು. ತಂಗಿಯು ದುಃಖಿಸಿದಳು." ಒಂದು ತಪ್ಪಿಲ್ಲ. ಹಲಗೆ ಇಲ್ಲದ ಕಡೆ ಏನು ಹೇಳಬೇಕೆಂದು ತಿಳಿಯದೆ ಸುಮ್ಮನೆ ನಿಂತೆ. ಅವಳು ಪಾದ ನೋಡುವ ಭಾಗ ಬಂತು, ಹೋಯಿತು. ಅಲ್ಲಿ ಹಲಗೆ ಇರಲಿಲ್ಲ. ಮಗುವೊಂದು ಅಳತೊಡಗಿತು. ಬೆಂಚಿನವರು ಬೀಡಿ ಸೇದಲು ಎದ್ದರು. ಹೆಂಗಸರ ಕಡೆಯಿಂದ ಒಂದು ದನಿ, "ಈರಣ್ಣನ ಕಥಿನೇ ಚಲೋ ಇತ್ತಲ್ಲಬೇ," ಅಂದಿತು. ಕೊನೆಗೆ ಅರ್ಧ ಟೆಂಟು ಖಾಲಿ. ಈರಣ್ಣ ಮಾತ್ರ ಕದಲದೆ ಕೊನೆಯ ಹಲಗೆಯವರೆಗೂ ಕೇಳಿದ.

ಬೆತ್ತ ವಾಪಸು ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.

"ಚಲೋ ಓದಿದ್ರಿ," ಅಂದ. "ಎಲ್ಲಾ ಖರೇನ ಓದಿದ್ರಿ."

ನನ್ನ ಜೀವಮಾನದಲ್ಲಿ ಹೊಡೆತ ತಿಂದದ್ದಿದೆ, ಬೈಗುಳ ತಿಂದದ್ದಿದೆ. ಆ ಒಂದು 'ರಿ' ಕೊಟ್ಟ ಪೆಟ್ಟು ಬೇರೆ ಯಾವುದೂ ಕೊಟ್ಟಿಲ್ಲ. ತೊಟ್ಟಿಲಿನಿಂದ ನನ್ನನ್ನು ಬಲ್ಲವನು. ಆವರೆಗೆ ನಾನು ಅವನಿಗೆ ಲೇ, ತಮ್ಮಾ.

ನಾಯ್ಡು ಅವನನ್ನು ಮತ್ತೆ ಕರೆಯಲಿಲ್ಲ. ಆಮೇಲೆ ಮಾತಾಡುವ ಚಿತ್ರಗಳು ಬಂದವು. ಕಥೆ ಹೇಳುವವರು ಯಾರಿಗೂ ಬೇಡವಾದರು. ಈ ಒಂದು ಸಂಗತಿಯನ್ನು ನಾನು ವರ್ಷಗಟ್ಟಲೆ ಔಷಧದಂತೆ ನುಂಗಿದೆ: ಹೇಗೂ ಹೋಗುವ ಕೆಲಸ, ನನ್ನಿಂದ ಹೋಗಿದ್ದೇನು? ಔಷಧ ಹತ್ತಲಿಲ್ಲ. ಅವನನ್ನು ನೋಡಲು ಚಿತ್ತವಾಡ್ಗಿಗೆ ಹೋಗಲಿಲ್ಲ. ನಾಗವ್ವ ನಮ್ಮ ಮನೆಗೆ ಬರುವುದನ್ನು ಬಿಟ್ಟಳು. "ಯಾಕ ಬರವಲ್ಲಳು?" ಎಂದು ನಮ್ಮವ್ವ ಕೇಳಿದಾಗ ನಾನು ಪುಸ್ತಕದಲ್ಲಿ ಮುಖ ಹುದುಗಿಸಿದ್ದೆ.

ಏಳೆಂಟು ವರ್ಷದ ಮೇಲೆ ಕಂಪ್ಲಿಯಲ್ಲಿ ಸಿಕ್ಕ. ನಾನು ಅಷ್ಟರಲ್ಲಿ ಮೇಷ್ಟ್ರಾಗಿದ್ದೆ. ಅಕ್ಕನನ್ನು ಅಲ್ಲಿಯ ಗಿರಣಿಯವರ ಮನೆಗೆ ಕೊಟ್ಟಿತ್ತು. ಭಾವನ ಜೊತೆ ಗಿರಣಿ ನೋಡಲು ಹೋದರೆ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊಟ್ಟು ತುಂಬುವವರ ನಡುವೆ ಅವನಿದ್ದ. ಬಟ್ಟೆ ಸರಿಸಿ, "ಬರ್ರಿ," ಅಂದ. ದನಿ ಹೊರಡಲಿಲ್ಲ. ಒಣ ಎಲೆ ಉಜ್ಜಿದ ಹಾಗೆ ಒಂದು ಸದ್ದು, ಅಷ್ಟೇ. ಹೊಟ್ಟಿನ ಧೂಳು ಗಂಟಲಿಗೆ ಕೂತು ವರ್ಷವಾಗಿತ್ತಂತೆ.

ಕ್ಷಮಿಸು ಅನ್ನಬೇಕೆಂದು ಬಾಯಿ ತೆರೆದೆ. ಅವನೇ ಮೊದಲು ಮಾತಾಡಿದ. ಹತ್ತಿರ ಬಾಗಿ ಕೇಳಬೇಕಾಯಿತು.

"ಗಿರಣಿ ಗುಮಾಸ್ತ್ರು ಅಕ್ಷರ ಕಲಿಸ್ಯಾರ್ರಿ. ಕನ್ನಡ ಓದತೀನಿ ಈಗ, ಕೂಡಿಸಿ ಕೂಡಿಸಿ." ಅವನ ಕಣ್ಣಲ್ಲಿ ನಾಚಿಕೆಯಿತ್ತು, ಸಂತೋಷವೂ ಇತ್ತು. "ನೀವು ನನ್ನ ಬಗ್ಗೆ ಬರದಿದ್ರಲ್ಲ, ಆ ಪತ್ರಿಕಿ ಐತ್ರ್ಯಾ? ಎಲ್ಲಾರೂ ನಕ್ಕೋತ ಹೇಳಿದ್ದ ಕೇಳೀನಿ, ನಾ ಓದಿಲ್ಲ. ಅಚ್ಚಿನ್ಯಾಗ ನನ್ನ ಹೆಸರು ಹ್ಯಾಂಗ ಕಾಣತೈತಿ ನೋಡಬೇಕಂತ ಆಸೆ."

ಆ ಪತ್ರಿಕೆ ನನ್ನ ಟ್ರಂಕಿನಲ್ಲಿತ್ತು. ಅದರಲ್ಲಿ ಅವನ ಹೆಸರಿರಲಿಲ್ಲ.

"ಇಲ್ಲ ಈರಣ್ಣ, ಎಲ್ಲೋ ಕಳೆದುಹೋಯ್ತು," ಅಂದೆ. "ಸಿಕ್ಕರೆ ಕಳಿಸ್ತೀನಿ."

"ಆತ್ರಿ, ಕಳಸ್ರಿ," ಎಂದು ಬಟ್ಟೆಯನ್ನು ಮತ್ತೆ ಮೂಗು ಬಾಯಿಗೆ ಕಟ್ಟಿಕೊಂಡ.

ಕಳಿಸಲಿಲ್ಲ. ಅವನು ಯಾವಾಗ ತೀರಿಕೊಂಡನೆಂದು ಸಹ ನನಗೆ ಗೊತ್ತಾಗಲಿಲ್ಲ. ನಾನು ಮಾತ್ರ ಅವನ ಮಾತುಗಳನ್ನು ಒಂದೊಂದಾಗಿ ಹುಡುಗರಿಗೆ ಹಂಚುತ್ತ, ಚಿತ್ರ ಬಲ್ಲವನೆಂದು ಶಾಲು ಹೊದಿಸಿಕೊಳ್ಳುತ್ತ ಮುದುಕನಾದೆ.

ಶಾಮಿಯಾನದ ವಾಸನೆ ಬಂದ ಮರುದಿನ ಟ್ರಂಕು ತೆಗೆದು, ಆ ಹಳದಿ ಹಾಳೆ ಜೇಬಿನಲ್ಲಿಟ್ಟುಕೊಂಡು ಚಿತ್ತವಾಡ್ಗಿಗೆ ಆಟೋ ಹತ್ತಿದೆ. ಕೇಳುತ್ತ ಕೇಳುತ್ತ ಈರಣ್ಣನ ಮೊಮ್ಮಗಳ ಮನೆ ಸಿಕ್ಕಿತು. ಮೂವತ್ತೈದರ ಹೆಂಗಸು, ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನಿಮ್ಮ ಅಜ್ಜನ ಪರಿಚಯ ಇತ್ತು ಅಂದೆ. "ಹೌದ್ರ್ಯಾ? ಬರ್ರಿ, ಕುಂದ್ರಿ," ಎಂದು ಕಟ್ಟೆಯ ಮೇಲೆ ಚಾಪೆ ಹಾಸಿ ಚಹಾ ತಂದಿಟ್ಟಳು. ಹಳೆ ಕಾಲದ ಒಂದು ಬರಹ ಐತಿ, ಓದಲೇನಮ್ಮ ಅಂದೆ. ಓದ್ರಿ ಅಂದಳು.

ಪೂರ್ತಿ ಓದಿದೆ. ಏನನ್ನೂ ಬಿಡಲಿಲ್ಲ. ಅಣ್ಣ ತಂಗಿ, ಗಂಡ ಹೆಂಡಿರ ಮಾತು ಬಂದಾಗ ಅವಳು ಸೆರಗು ಬಾಯಿಗೆ ಹಿಡಿದು ಜೋರಾಗಿ ನಕ್ಕಳು. ಎಷ್ಟು ಚೆನ್ನಾಗಿ ನಕ್ಕಳೆಂದರೆ, ಒಂದು ಕ್ಷಣ, ಹೇಳಲು ನಾಚಿಕೆಯಾಗುತ್ತದೆ, ನನಗೆ ಹೆಮ್ಮೆಯಾಯಿತು.

"ಭಾಳ ಮಜಾ ಐತ್ರಿ. ಯಾರ ಬಗ್ಗೆರಿ ಇದು?"

"ನಿಮ್ಮ ಅಜ್ಜನ ಬಗ್ಗೆ."

ಅವಳ ನಗು ಅರ್ಧಕ್ಕೆ ನಿಂತಿತು. "ನಮ್ಮಜ್ಜಗ ಓದಾಕ ಬರ್ತಿತ್ತಲ್ರಿ," ಅಂದಳು. "ನಾ ಸಣ್ಣಾಕಿದ್ದಾಗ ನೋಡೀನಿ. ಕಿರಾಣಿ ಸಾಮಾನು ಕಟ್ಟಿ ಬಂದ ಹಳೀ ಪೇಪರು ಒಂದೂ ಒಗ್ಯಾಕ ಬಿಡ್ತಿರಲಿಲ್ಲ. ಬಿಚ್ಚಿ, ಕೈಲೆ ತೀಡಿ, ಮೂಲಿತನಕ ಓದಿ ಆಮ್ಯಾಲ ಒಲಿಗೆ ಹಾಕಾಕ ಕೊಡ್ತಿದ್ದ. ಸಾಯೂತನಕ. ಏನ್ ಹುಡುಕ್ತಿದ್ನೋ ಏನೋ, ನಮಗ ಹೇಳಲಿಲ್ಲ."

ನಾನು ಹಾಳೆ ಮಡಿಸಲು ನೋಡಿದೆ. ಹಳೆಯ ಗೆರೆಗೆ ಮಡಿಕೆ ಸರಿ ಬೀಳಲಿಲ್ಲ.

"ಬರದವ್ರು ಯಾರ್ರಿ ಇದನ್ನ?" ಕೇಳಿದಳು.

"ನಾನು."

ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಪಕ್ಕದಲ್ಲಿದ್ದ, ನಾನು ಮುಟ್ಟಿರದ ಲೋಟ ನೋಡಿದಳು. "ಚಾ ಆರೈತಿ, ಕುಡೀಬ್ಯಾಡ್ರಿ," ಎಂದು ಅದನ್ನು ತೆಗೆದುಕೊಂಡು ಒಳಗೆ ಹೋದಳು. ನಾನು ಬಿಸಿಲು ಕಟ್ಟೆಗೆ ಬರುವವರೆಗೂ ಕೂತಿದ್ದೆ. ಒಳಗಿನಿಂದ ಬೇರೆ ಚಾ ಬರಲಿಲ್ಲ.